ಒಂದೇ ತಂತಿ, ಎರಡು ಇಲಾಖೆ, ಒಬ್ಬ ಅತ್ತೆ

ಬೆಳಗಿನ ಹೊತ್ತು ನಾನು ಮಹಡಿಯ ಬಾಲ್ಕನಿಯಲ್ಲಿ ಕೂತು ಬರೆಯುತ್ತೇನೆ. ಬರೆಯುವುದಕ್ಕಿಂತ ಬರೆಯುವವನಂತೆ ಕಾಣಿಸುವುದೇ ಹೆಚ್ಚು ಎಂಬುದು ಮನೆಯವಳ ಅಭಿಪ್ರಾಯ. ಈ ಬೀದಿಗೆ ಬಂದ ಹೊಸತರಲ್ಲಿ ಒಬ್ಬ ಹೆಂಗಸು ಕೆಳಗೆ ಬಂದು, ಸ್ಕೂಟರಿನ ಎಂಜಿನ್ ಆರಿಸದೆ ಒಂದು ಕಾಲು ನೆಲಕ್ಕೂರಿ, ಕತ್ತೆತ್ತಿ ನನ್ನನ್ನೇ ದಿಟ್ಟಿಸಿ ಹೋಗುತ್ತಿದ್ದರು. ಅಂತೂ ಒಬ್ಬ ಓದುಗರಾದರೂ ನನ್ನ ವಿಳಾಸ ಪತ್ತೆ ಮಾಡಿದರಲ್ಲ ಎಂದು ಹಿಗ್ಗಿದೆ. ಮಾರನೆಯ ದಿನ ಇಸ್ತ್ರಿ ಅಂಗಿ ತೊಟ್ಟೆ. ಅದರ ಮಾರನೆಯ ದಿನ ಪೆನ್ನನ್ನು ಗಲ್ಲಕ್ಕೊತ್ತಿ ಆಕಾಶ ನೋಡುವ ಭಂಗಿಯಲ್ಲಿ ಕೂತೆ.

"ಸಾರ್!" ಎಂದು ಕೆಳಗಿನಿಂದ ಕೂಗು ಬಂತು. ವಿನಯದಿಂದ ಬಗ್ಗಿ ನೋಡಿದೆ.

"ಸ್ವಲ್ಪ ತಲೆ ಆ ಕಡೆ ಸರಿಸ್ತೀರಾ? ಹಿಂದಿರೋ ಕೇಬಲ್ ಜಾಯಿಂಟ್ ಕಾಣ್ತಿಲ್ಲ. ದಿನಾ ಬಂದು ನೋಡ್ತಿದ್ದೀನಿ, ಎದ್ದೇಳೋದೇ ಇಲ್ವಲ್ಲ ನೀವು!"

ಕೇಬಲಕ್ಕನ ಪರಿಚಯವಾದದ್ದು ಹೀಗೆ. ಸುತ್ತಲಿನ ಬೀದಿಗಳಿಗೆಲ್ಲ ಟೀವಿ, ಇಂಟರ್ನೆಟ್ ಎರಡನ್ನೂ ಎಳೆದುಕೊಟ್ಟಿರುವವರು ಅವರೇ. ವ್ಯವಹಾರ ಶುರುಮಾಡಿದ್ದು ಅವರ ಯಜಮಾನರು. ಒಮ್ಮೆ ಕಂಬದಿಂದ ಬಿದ್ದ ಮೇಲೆ ಆ ಪುಣ್ಯಾತ್ಮರು ಕುರ್ಚಿಗಿಂತ ಎತ್ತರದ ಯಾವುದನ್ನೂ ಏರುವುದಿಲ್ಲವೆಂದು ತೀರ್ಮಾನಿಸಿ, ದೂರಿನ ಫೋನು ಎತ್ತಿಕೊಳ್ಳುವ ಕೆಲಸಕ್ಕೆ ಕೂತುಬಿಟ್ಟರು. ಏಣಿ ಹೆಂಡತಿಯ ಪಾಲಿಗೆ ಬಂತು.

ಕೇಬಲಕ್ಕ ಕೂತದ್ದನ್ನು ನಾನಂತೂ ನೋಡಿಲ್ಲ. ಟೀ ಕೊಟ್ಟರೆ ನಿಂತೇ ಅರ್ಧ ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದು ಹೊರಟು, ಇನ್ಯಾರದೋ ಮನೆಯ ಮೀಟರ್ ಪೆಟ್ಟಿಗೆಯ ಮೇಲೆ ಮರೆತು ಬರುತ್ತಾರೆ. ನಮ್ಮ ಬೀದಿಯ ಲೋಟಗಳು ಹೀಗೆ ವರ್ಷವಿಡೀ ಮನೆ ಬದಲಾಯಿಸುತ್ತಲೇ ಇರುತ್ತವೆ. ಮಾತಾಡುವಾಗಲೂ ಕಣ್ಣು ಮೇಲೆ ತಂತಿಯ ಮೇಲಿರುತ್ತದೆ, ಕೈ ಜೇಬಿನ ಇಕ್ಕಳವನ್ನು ತಡವುತ್ತಿರುತ್ತದೆ. ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಸಾಕು, ಅರ್ಧ ವಾಕ್ಯದಲ್ಲೇ ನಮ್ಮನ್ನು ಬಿಟ್ಟು ಸ್ಕೂಟರ್ ಹತ್ತುತ್ತಾರೆ.

ಮನೆಯ ಮುಂಗೋಣೆಯೇ ಅವರ ಕಂಟ್ರೋಲ್ ರೂಮು. ಗೋಡೆಯುದ್ದಕ್ಕೂ ಹಸಿರು ದೀಪ ಮಿಟುಕಿಸುವ ಪೆಟ್ಟಿಗೆಗಳು, ಅವುಗಳಿಗೆ ಗಾಳಿ ಬೀಸಲು ನಿಲ್ಲದೆ ತಿರುಗುವ ಫ್ಯಾನು. ಮೂಲೆಯಲ್ಲಿ ಒಂದು ನೀಲಿ ಪರದೆ, ಮೇಜು, ಕುರ್ಚಿ, ಕ್ಯಾಮೆರಾ. ಇದು ಸ್ಟುಡಿಯೋ. ದಿನಾ ಸಂಜೆ ಇಲ್ಲಿ ಕೂತು ಬಡಾವಣೆಯ ವಾರ್ತೆ ಓದುವವರು ಕೇಬಲಕ್ಕನ ಅತ್ತೆ. ಈಗ ಅವರು ಇಡೀ ಬಡಾವಣೆಗೇ ಅತ್ತೆ, ನಾನೂ ಹಾಗೆಯೇ ಕರೆಯುತ್ತೇನೆ.

ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು, "ನಂಬರ್ ಹೇಳಿ" ಎಂದು ಕೇಳಿ, ಇವರ ತಂತಿಯನ್ನು ಅವರ ತೂತಿಗೆ ಸಿಕ್ಕಿಸಿ ಊರನ್ನೇ ಮಾತಾಡಿಸಿದವರು. ಆಮೇಲೆ ತಾನೇ ಸಿಕ್ಕಿಸಿಕೊಳ್ಳುವ ಯಂತ್ರ ಬಂತು. ಕಚೇರಿಯವರು ಗೋಡೆಗಡಿಯಾರ ಕೊಟ್ಟು, ಭಾಷಣ ಮಾಡಿ, ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಮನೆಗೆ ಬಂದ ಅತ್ತೆ ಮಾತು ನಿಲ್ಲಿಸಿದರು. ಜಗಳವಿಲ್ಲ, ಕಾಯಿಲೆಯಿಲ್ಲ, ಸುಮ್ಮನೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತುಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು, ತಿಂದು ಮತ್ತೆ ಗೋಡೆಗೆ ಮುಖ. ಸೊಸೆ ಮದುವೆಯಾಗಿ ಬಂದಾಗ ಅತ್ತೆಯ ದನಿ ಹೇಗಿದೆಯೆಂದೇ ಅವರಿಗೆ ಗೊತ್ತಿರಲಿಲ್ಲವಂತೆ. "ನನ್ನ ಸ್ನೇಹಿತೆಯರೆಲ್ಲ ಏನು ಪುಣ್ಯವೇ ನಿಂದು ಅಂತಿದ್ರು ಸಾರ್. ನಂಗೆ ಹೆದರಿಕೆ ಆಗ್ತಿತ್ತು" ಎಂದು ಕೇಬಲಕ್ಕ ಒಮ್ಮೆ ಹೇಳಿದ್ದರು.

ಒಂದು ದಿನ ಹೊಸದಾಗಿ ಕೊಂಡ ಕ್ಯಾಮೆರಾ ಪರೀಕ್ಷಿಸಲು ಬೇರೆ ಯಾರೂ ಸಿಗದೆ, ಸೊಸೆ ಅತ್ತೆಯ ಕುರ್ಚಿಯನ್ನೇ ಇತ್ತ ತಿರುಗಿಸಿ ಮುಂದೆ ಮೈಕು ಇಟ್ಟರು. ಮೈಕು ಕಂಡದ್ದೇ ಅತ್ತೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ಯಾರು ಬೇಕಿತ್ತು?" ಎಂದರು. ಅಂದಿನಿಂದ ನಿಲ್ಲಿಸಿಲ್ಲ.

ವಾರ್ತೆಯೆಂದರೆ ಎಂಥ ವಾರ್ತೆ! ನಾಳೆ ನೀರು ಯಾವ ಬೀದಿಗೆ ಬರುತ್ತದೆ, ಯಾರ ಬೆಕ್ಕು ಯಾರ ಮಹಡಿಯಲ್ಲಿದೆ, ಯಾರಿಗೆ ಮಗು ಹುಟ್ಟಿತು. ನಡುವೆ ಸಂಪಾದಕೀಯ: "ಮೂಲೆ ಅಂಗಡಿ ದರ್ಜಿಗೆ ಬಟ್ಟೆ ಕೊಟ್ಟವರು ಖುದ್ದಾಗಿ ಹೋಗಿ ಕೇಳಿ. ಅವನಾಗಿ ಹೊಲಿದು ಕೊಡೋ ಪೈಕಿ ಅಲ್ಲ." ದರ್ಜಿ ಬಂದು ಗಲಾಟೆ ಮಾಡಿದ. ಮರುದಿನದ ವಾರ್ತೆಯಲ್ಲಿ ಅತ್ತೆ ಅವನ ಗಲಾಟೆಯನ್ನೂ ಓದಿದರು.

ಹೀಗಿರುವಾಗ ಪ್ರಸಾರ ಇಲಾಖೆಯಿಂದ ನೋಟೀಸು ಬಂತು. ಕೇಬಲಿನವರು ಬೇರೆಯವರ ಚಾನೆಲ್ ತೋರಿಸಬಹುದೇ ಹೊರತು ಸ್ವಂತ ವಾರ್ತೆ ತೋರಿಸುವಂತಿಲ್ಲ, ಅದಕ್ಕೆ ಪ್ರಸಾರದ ಪರವಾನಗಿ ಬೇಕು, ಕೂಡಲೇ ನಿಲ್ಲಿಸತಕ್ಕದ್ದು.

ಕೇಬಲಕ್ಕ ಪ್ರಸಾರದ ಕಚೇರಿಗೆ ಓಡಿದರು. ಏನೋ ಬರೆಯಲು ಸಿಕ್ಕೀತೆಂಬ ಆಸೆಗೆ ನಾನೂ ಜೊತೆಗೆ ಹೋದೆ. ಅಲ್ಲಿನ ಅಧಿಕಾರಿ ಸಭ್ಯರು, ಕುರ್ಚಿ ತೋರಿಸಿದರು. ಕೇಬಲಕ್ಕ ಕೂರಲಿಲ್ಲ.

"ಸಾರ್, ಇದನ್ನೇ ಇಂಟರ್ನೆಟ್ಟಲ್ಲಿ ತೋರಿಸಿದ್ರೆ?"

"ಧಾರಾಳವಾಗಿ ತೋರಿಸಿ. ಅದು ನಮಗೆ ಸಂಬಂಧಪಟ್ಟಿದ್ದಲ್ಲ."

"ಅದೂ ಇದೇ ತಂತೀಲೇ ಹೋಗೋದು ಸಾರ್."

"ತಂತೀನೂ ನಮಗೆ ಸಂಬಂಧಪಟ್ಟಿದ್ದಲ್ಲಮ್ಮ. ತಂತಿಗೆ ಎದುರು ಕಟ್ಟಡ."

ಎದುರು ಕಟ್ಟಡದಲ್ಲಿ ದೂರಸಂಪರ್ಕದ ಕಚೇರಿ. ಅಲ್ಲಿನ ಅಧಿಕಾರಿಯೂ ಸಭ್ಯರೇ. ತಂತಿ ನಮ್ಮದು, ಅದರೊಳಗೆ ಅತ್ತೆ ಓದುವುದು ನಮ್ಮದಲ್ಲ, ಅದಕ್ಕೆ ಎದುರು ಕಟ್ಟಡ ಎಂದರು. ನಡುವಿನ ರಸ್ತೆಯನ್ನು ಕೇಬಲಕ್ಕ ಅದೆಷ್ಟು ಸಲ ದಾಟಿದರೋ. ನಾನು ಒಂದು ಸಲದ ನಂತರ ಟೀ ಅಂಗಡಿಯಲ್ಲಿ ಕೂತೆ.

ಮನೆಗೆ ಬಂದು ಸೊಸೆ ವಿಷಯ ತಿಳಿಸಿದರು. "ಅತ್ತೆ, ಇನ್ಮೇಲೆ ನಿಮ್ಮ ವಾರ್ತೆ ಫೋನಲ್ಲಿ ಬರುತ್ತೆ. ಜಗತ್ತೆಲ್ಲಾ ನೋಡಬಹುದು."

"ಜಗತ್ತಿಗೆ ನಮ್ಮ ನೀರಿನ ವಿಷಯ ಯಾಕೆ?" ಎಂದರು ಅತ್ತೆ. "ನನ್ನ ವಾರ್ತೆ ಕೇಳೋದು ನನ್ನ ವಯಸ್ಸಿನವರು. ಫೋನ್ ತಿರುಗಾ ಮುರುಗಾ ಹಿಡ್ಕೊಂಡು ಯಾರು ಅಂತ ಕೇಳೋ ಜನ ಅವರು. ಟೀವೀಲಿ ಬರಲ್ಲ ಅಂದ್ರೆ ಬೇಡ ಬಿಡು." ಅಷ್ಟು ಹೇಳಿ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

ಆ ದಿನಗಳಲ್ಲಿ ಕೇಬಲಕ್ಕ ಕಾಲು ಸುಟ್ಟ ಬೆಕ್ಕಿನಂತೆ ತಿರುಗಿದರು. ಸರಿಯಿದ್ದ ಜಾಯಿಂಟುಗಳನ್ನು ಬಿಚ್ಚಿ ಮತ್ತೆ ಕಟ್ಟಿದರು. ನಮ್ಮ ಮನೆಯ ಟೀವಿ ಚೆನ್ನಾಗಿ ಬರುತ್ತಿದೆ ಎಂದರೂ ನಂಬದೆ ಒಳಗೆ ಬಂದು ನೋಡಿದರು. "ಮನೇಲಿ ಇರೋಕಾಗಲ್ಲ ಸಾರ್. ಆ ಬೆನ್ನು ನೋಡೋಕಾಗಲ್ಲ" ಎಂದರು. ಯಜಮಾನರು ದೂರಿನ ಫೋನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಟೀವಿ ಬರುತ್ತಿಲ್ಲ ಎನ್ನುವವರೇ ಇರಲಿಲ್ಲ, ಎಲ್ಲರೂ ಅತ್ತೆ ಎಲ್ಲಿ ಎಂದೇ ಕೇಳುತ್ತಿದ್ದರಂತೆ.

ಕೊನೆಗೆ ಕೇಬಲಕ್ಕನೇ ದಾರಿ ಕಂಡುಕೊಂಡರು. ಇಂಟರ್ನೆಟ್ಟಿನಲ್ಲಿ ಬರುವುದನ್ನು ಟೀವಿ ಪರದೆಗೆ ತರುವ ಪುಟ್ಟ ಪೆಟ್ಟಿಗೆಗಳನ್ನು ತಂದು ಮುದುಕ ಮುದುಕಿಯರ ಮನೆಗಳಲ್ಲೆಲ್ಲ ಕೂರಿಸಿದರು. ಅದೇ ಅತ್ತೆ, ಅದೇ ತಂತಿ, ಅದೇ ಟೀವಿ. ಮುಂಚೆ ಅಪರಾಧವಾಗಿದ್ದದ್ದು ಈಗ ಅಪರಾಧವಲ್ಲ. ಅತ್ತೆಗೆ ಮಾತ್ರ ಪೆಟ್ಟಿಗೆಯ ಸುದ್ದಿ ಹೇಳಲಿಲ್ಲ. "ಅಪ್ಪಣೆ ಸಿಕ್ತು, ಬನ್ನಿ ಅತ್ತೆ" ಎಂದು ಕರೆತಂದು ಕೂರಿಸಿದರು.

ಅತ್ತೆ ಎರಡು ವಾಕ್ಯ ಓದಿ ನಿಲ್ಲಿಸಿದರು. ಎದುರುಮನೆಯ ಕಿಟಕಿಯಿಂದ ಅವರದೇ ದನಿ ಕೇಳುತ್ತಿತ್ತು. ಹಿಂದೆ ಅದು ಇವರ ಜೊತೆಜೊತೆಗೇ ಬರುತ್ತಿತ್ತು. ಈಗ ಇವರು ನಮಸ್ಕಾರ ಹೇಳಿ, ನೀರಿನ ವಿಷಯಕ್ಕೆ ಬಂದ ಮೇಲೆ ಅಲ್ಲಿ ನಮಸ್ಕಾರ ಕೇಳಿಸಿತು.

"ಲೈನ್ ಬದಲಾಯಿಸಿದ್ದೀಯಾ?" ಎಂದು ಸೊಸೆಯನ್ನು ಕೇಳಿದರು. ಕ್ಯಾಮೆರಾ ಓಡುತ್ತಲೇ ಇತ್ತು. ಇಡೀ ಬಡಾವಣೆ ನೋಡುತ್ತಿತ್ತು.

"ಇಲ್ಲ ಅತ್ತೆ."

"ಸುಳ್ಳು ಹೇಳ್ಬೇಡ. ದೂರದೂರಿನ ಟ್ರಂಕ್ ಕಾಲ್ ಥರ ದನಿ ಎಳೀತಿದೆ."

"ಹೂಂ ಅತ್ತೆ, ಬದಲಾಯಿಸಿದ್ದೀನಿ. ಆದ್ರೆ ಟೀವೀಲೇ ಬರ್ತಿದೆ."

ಅತ್ತೆ ಕಿಟಕಿಯತ್ತ ಕಿವಿಗೊಟ್ಟರು. ಎದುರುಮನೆಯಲ್ಲಿ ಈಗ ಸೊಸೆಯ ಸುಳ್ಳು ಕೇಳಿಸುತ್ತಿತ್ತು. ಅತ್ತೆಗೆ ನಗು ಬಂತು. "ಸರಿ, ಆ ಕಡೆಯವರು ಕೇಳಿಸ್ಕೊಂಡ ಮೇಲೆ ಮುಂದಿನದು ಓದ್ತೀನಿ" ಎಂದರು. ಅಂದಿನಿಂದ ಪ್ರತಿ ವಾಕ್ಯದ ನಂತರ ಎದುರುಮನೆಯ ಪ್ರತಿಧ್ವನಿಗೆ ಕಾದು ಓದುತ್ತಾರೆ. ವಾರ್ತೆ ಎರಡರಷ್ಟು ಉದ್ದವಾಗಿದೆ.

ಅಷ್ಟರಲ್ಲಿ ಸರ್ಕಾರಕ್ಕೂ ಎರಡು ಕಟ್ಟಡಗಳ ನಡುವಿನ ರಸ್ತೆ ಕಣ್ಣಿಗೆ ಬಿತ್ತು. ದೂರಸಂಪರ್ಕ, ಪ್ರಸಾರ ಎರಡಕ್ಕೂ ಸೇರಿ ಇಂಟರ್ನೆಟ್ ಕಾಲಕ್ಕೆ ತಕ್ಕ ಹೊಸ ಕಾಯ್ದೆ ಬರೆಯುವುದೆಂದಾಯಿತು. ಸಾರ್ವಜನಿಕರ ಅಹವಾಲು ಕೇಳಲು ಸಮಿತಿಯೊಂದು ಬಂದು ಸಭಾಂಗಣದಲ್ಲಿ ಕೂತಿತು. ದೊಡ್ಡ ಕಂಪನಿಗಳ ವಕೀಲರು ಪರದೆಯ ಮೇಲೆ ಬಾಣಗಳಿದ್ದ ಚಿತ್ರಗಳನ್ನು ತೋರಿಸಿ, ಒಂದು ಬಾಣದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಸಭೆಯನ್ನು ಮಲಗಿಸಿದರು. ಕೇಬಲಕ್ಕ ಇಡೀ ಹೊತ್ತು ಹಿಂದಿನ ಬಾಗಿಲ ಬಳಿ ನಿಂತೇ ಇದ್ದರು. ಸರದಿ ಬಂದಾಗ ಮೈಕಿನ ತನಕ ಹೋಗುವ ತಾಳ್ಮೆಯೂ ಇಲ್ಲದೆ ಅಲ್ಲಿಂದಲೇ ಕೂಗಿದರು:

"ಒಂದು ತಂತಿ, ಒಂದು ಟೀವಿ, ಒಬ್ಬರು ಅತ್ತೆ. ಒಂದು ದಾರೀಲಿ ಬಂದ್ರೆ ತಪ್ಪು, ಇನ್ನೊಂದು ದಾರೀಲಿ ಬಂದ್ರೆ ಸರಿ. ಇದ್ಯಾವ ನ್ಯಾಯ ಸಾರ್? ಎರಡಕ್ಕೂ ಒಂದೇ ನಿಯಮ ಮಾಡಿ!"

ಮಲಗಿದ್ದವರು ಎದ್ದು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಕನ್ನಡಕ ಏರಿಸಿ ಬರೆದುಕೊಂಡರು. ನಾನು ಅಂದೇ ಮನೆಗೆ ಬಂದು, ಜನಸಾಮಾನ್ಯರ ದನಿ ಅಧಿಕಾರದ ಬಾಗಿಲು ತಟ್ಟಿದ ಬಗ್ಗೆ ಲೇಖನ ಬರೆದೆ. ಬಾಗಿಲು, ದನಿ, ಹೊಸ ಬೆಳಗು ಮುಂತಾದವೆಲ್ಲ ಅದರಲ್ಲಿದ್ದವು.

ಕರಡು ಕಾಯ್ದೆ ಪತ್ರಿಕೆಯಲ್ಲಿ ಬಂದ ದಿನ, ಅದೇ ಪತ್ರಿಕೆ ಹಿಡಿದು ಅಭಿನಂದಿಸಲು ಹೋದೆ. ಸಮಿತಿ ಕೇಬಲಕ್ಕನ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟಿತ್ತು. ಎರಡಕ್ಕೂ ಒಂದೇ ನಿಯಮ.

"ಪೂರ್ತಿ ಓದಿದ್ರಾ?" ಎಂದರು ಕೇಬಲಕ್ಕ. ಕಂಟ್ರೋಲ್ ರೂಮಿನಲ್ಲಿ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಡೆಯುತ್ತಿದ್ದರು.

ಮೊದಲ ಪ್ಯಾರಾ ಓದಿದ್ದೆ.

"ಮುಂದೆ ಓದಿ. ಕೇಬಲ್ಲಿಗೆ ಇದ್ದ ನಿಯಮಾನೇ ಇಂಟರ್ನೆಟ್ಟಿಗೂ ಹಾಕಿದಾರೆ. ವಾರ್ತೆ ಓದೋರು ಯಾವ ದಾರೀಲಿ ಓದಿದ್ರೂ ಪರವಾನಗಿ ತಗೋಬೇಕಂತೆ. ಪದವಿ ಆಗಿರೋ ಸಂಪಾದಕರು ಬೇಕಂತೆ. ದೂರು ಕೇಳೋಕೆ ಬೇರೆ ಅಧಿಕಾರಿ ಬೇಕಂತೆ. ಇಲ್ಲಿ ದೂರು ಕೊಡೋನು ಆ ದರ್ಜಿ ಒಬ್ಬನೇ! ಅವನಿಗೊಬ್ಬ ಅಧಿಕಾರಿ!"

"ಅದು ಹೇಗೆ? ನೀವು ಕೇಳಿದ್ದು..."

"ನಾನು ಕೇಳಿದ್ದನ್ನೇ ಕೊಟ್ಟಿದಾರೆ ಸಾರ್. ಒಂದೇ ಮಾಡಿ ಅಂದೆ, ಯಾವುದನ್ನ ಉಳಿಸ್ಕೊಂಡು ಒಂದು ಮಾಡಿ ಅಂತ ಹೇಳಲೇ ಇಲ್ಲ. ನನ್ನ ಬಾಯಿಗಿಷ್ಟು..." ಎಂದು ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿದರು. ಯಜಮಾನರು ಫೋನನ್ನು ಎದೆಗವಚಿಕೊಂಡು ಸ್ವಲ್ಪ ಪಕ್ಕಕ್ಕೆ ಸರಿದರು.

ಅದಾಗಿ ಬಹಳ ಕಾಲವಾಯಿತು. ಕರಡು ಇನ್ನೂ ಕರಡಾಗಿಯೇ ಇದೆ, ಅದು ಕಾಯ್ದೆಯಾಗುವ ತನಕ ಅತ್ತೆಯ ವಾರ್ತೆಗೆ ತಡೆಯಿಲ್ಲ. ಒಂದು ಅಧಿವೇಶನದಲ್ಲಿ ಬರುತ್ತದೆ ಎನ್ನುತ್ತಾರೆ, ಮುಂದಿನದಕ್ಕೆ ಹೋಯಿತು ಎನ್ನುತ್ತಾರೆ. ಕಂಪನಿಗಳು ಒಂದು ಸಾಲು ತೆಗೆಸಿದವಂತೆ, ಪ್ರಸಾರದವರು ಎರಡು ಸೇರಿಸಿದರಂತೆ. ಕೇಬಲಕ್ಕ ಬೆಳಿಗ್ಗೆ ಎದ್ದ ಕೂಡಲೇ ಪತ್ರಿಕೆ ತಿರುವುತ್ತಾರೆ, ಕಾಯ್ದೆಯ ಸುದ್ದಿ ಇಲ್ಲವೆಂದು ಖಾತ್ರಿಯಾದ ಮೇಲೆ ಮುಖ ತೊಳೆಯುತ್ತಾರೆ. ಬೀದಿಯಲ್ಲಿ ಸರ್ಕಾರಿ ಜೀಪು ಕಂಡರೆ ಏಣಿಯ ಮೇಲೆಯೇ ನಿಂತು, ಅದು ತಿರುಗುವವರೆಗೂ ನೋಡುತ್ತಾರೆ. ಅತ್ತೆಗೆ ಇದಾವುದೂ ಗೊತ್ತಿಲ್ಲ. ಸರ್ಕಾರ ತಮ್ಮ ಸೊಸೆಯ ಮಾತು ಕೇಳಿತು ಎಂದು ವಾರ್ತೆಯಲ್ಲೇ ಓದಿ ಮುಗಿಸಿದ್ದಾರೆ.

ಮೊನ್ನೆ ಸಂಜೆ ಹೋದಾಗ ಒಳಗೆ ವಾರ್ತೆ ನಡೆಯುತ್ತಿತ್ತು. ಅತ್ತೆ ಒಂದು ವಾಕ್ಯ ಓದಿ, ಕತ್ತು ವಾಲಿಸಿ ಎದುರುಮನೆಗೆ ಕಾದು, ಮುಂದಿನದು ಓದುತ್ತಿದ್ದರು. ದನಿ ಮೊದಲಿಗಿಂತ ಸ್ವಲ್ಪ ತೆಳುವಾಗಿದೆ. ಕೇಬಲಕ್ಕ ಹೊಸ್ತಿಲ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತಿದ್ದರು. ನಾನು ಕಾಯ್ದೆಯ ಬಗ್ಗೆ ಎರಡನೇ ಲೇಖನ ಬರೆಯುವವನಿದ್ದೆ. ಆದ್ದರಿಂದ ಪೆನ್ನು ತೆಗೆದು, ಪತ್ರಕರ್ತರ ಗತ್ತಿನಲ್ಲಿ ಕೇಳಿದೆ:

"ದೂರಸಂಪರ್ಕ ಮತ್ತು ಪ್ರಸಾರ ಕ್ಷೇತ್ರದ ಈ ಐತಿಹಾಸಿಕ ಸುಧಾರಣೆ ಯಾವಾಗ ಜಾರಿಗೆ ಬರಬೇಕೆಂದು ತಾವು ಬಯಸುತ್ತೀರಿ?"

ಕೇಬಲಕ್ಕ ನನ್ನನ್ನು ನೋಡಲಿಲ್ಲ. ಒಳಗೆ ನೋಡುತ್ತಲೇ ಹೇಳಿದರು:

"ನಮ್ಮತ್ತೆ ಸತ್ತ ಮೇಲೆ."