ಬಾತುಕೋಳಿ ಕೂಗಿದ ವಾಕಿಟಾಕಿ

ಇದನ್ನು ನಂಬಿ ಅಂತ ನಾನು ಯಾರ ಕಾಲಿಗೂ ಬೀಳುವುದಿಲ್ಲ. ನಂಬದಿದ್ದರೆ ನಿಮಗೇ ಒಳ್ಳೆಯದು, ರಾತ್ರಿ ನಿದ್ದೆಯಾದರೂ ಬರುತ್ತದೆ. ಆದರೆ ನಾನು ಕಿವಿಯಾರೆ ಕೇಳಿದ್ದೇನೆ, ಪಕ್ಕದಲ್ಲಿ ಇನ್ನಿಬ್ಬರು ಕೂತು ಕೇಳಿದ್ದಾರೆ. ಮೂರು ಜನಕ್ಕೆ ಒಟ್ಟಿಗೆ ತಲೆ ಕೆಡುವುದಿಲ್ಲ ತಾನೇ?

ಹುಣಸೂರಿನಲ್ಲಿ ನನ್ನದು ರೇಡಿಯೊ ರಿಪೇರಿ ಅಂಗಡಿ. ಗುರುಪುರದ ಕಡೆಯ ಟಿಬೆಟಿಯನ್ ಅಜ್ಜಂದಿರ ಟ್ರಾನ್ಸಿಸ್ಟರಿನಿಂದ ಹಿಡಿದು ಮದುವೆ ಛತ್ರದ ವಾಕಿಟಾಕಿಯವರೆಗೆ ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಹಳೇ ವಾಕಿಟಾಕಿಗಳ ಹೊಟ್ಟೆಯಲ್ಲಿ ಒಮ್ಮೊಮ್ಮೆ ಉಗುರಿನಷ್ಟು ದೊಡ್ಡ ಪೀಸೊಂದು ಸಿಗುತ್ತದೆ. ಮಾತನ್ನು ಕಲಸಿ ಕಳಿಸುವ ಪೀಸು ಅದು. ಅಂಥದ್ದೇ ಪೀಸು ಇದ್ದವನಿಗೆ ಮಾತು ಮಾತಾಗಿ ಕೇಳುತ್ತದೆ, ಉಳಿದವರಿಗೆ ಬಾತುಕೋಳಿ ವಟಗುಟ್ಟಿದ ಹಾಗೆ. ಅಂಥವು ನನ್ನ ಬಳಿ ಒಂದು ಡಬ್ಬಿ ತುಂಬ ಇವೆ. ಯಾವುದು ಯಾವ ಜಾತಿ ಅಂತ ಮುಟ್ಟಿ ನೋಡಿ ಹೇಳುತ್ತೇನೆ. ಜಂಬ ಅಂದುಕೊಂಡರೂ ಸರಿಯೇ.

ಕಾಡಂಚಿನ ಒಂದು ಹಳ್ಳಿ. ಹೆಸರು ಬೇಡ, ಅವರು ಇನ್ನೂ ಅಲ್ಲೇ ಬಾಳಬೇಕು. ಆನೆ ಕಾಟಕ್ಕೆ ಬೇಸತ್ತ ರೈತರು ಹಳೇ ವಾಕಿಟಾಕಿಗಳನ್ನು ಕೊಂಡು, ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಜೋಳ ಕಾಯುತ್ತಿದ್ದರು. ಎಲ್ಲರದೂ ಒಂದೇ ಚಾನೆಲ್. ಆನೆ ಯಾರ ಹೊಲಕ್ಕೆ ಬಂದರೂ ಅವನು ಕೂಗುವುದು, ಉಳಿದವರು ಪಟಾಕಿ ಹಿಡಿದು ಓಡುವುದು.

ಆದರೂ ಮಲ್ಲೇಶ ಎಂಬ ರೈತನನ್ನು ಒಂಟಿ ಸಲಗ ತುಳಿದು ಹಾಕಿತು. ಸುತ್ತ ಅಷ್ಟು ಜನ ಎಚ್ಚರವಿದ್ದರೂ ಯಾರಿಗೂ ತಿಳಿಯಲಿಲ್ಲ. ಹೆಣ ಸಿಕ್ಕಿದ್ದು ಬೆಳಗ್ಗೆ.

ತಿಥಿಯಾದ ಮೇಲೆ ಊರಿನ ಕೆಲವರು ತಮ್ಮ ಸೆಟ್ಟುಗಳನ್ನು ನನ್ನ ಅಂಗಡಿಗೆ ತಂದರು. ದಿನಾ ರಾತ್ರಿ ಎಲ್ಲ ಸೆಟ್ಟಿನಲ್ಲೂ ಒಂದೇ ಹೊತ್ತಿಗೆ ವಟವಟ ಸದ್ದು ಬರುತ್ತದಂತೆ. ಬಿಚ್ಚಿ ನೋಡಿದೆ, ಏನೂ ಕೆಟ್ಟಿರಲಿಲ್ಲ. ಒಬ್ಬ ತನ್ನ ಮೊಬೈಲಿನಲ್ಲಿ ಹಿಡಿದಿದ್ದ ಸದ್ದನ್ನು ಕೇಳಿಸಿದ.

"ಮಲ್ಲೇಶ ಸತ್ತ ರಾತ್ರೀನೂ ಇಂಗೇ ಬಂದಿತ್ತು ಕಣಣ್ಣ" ಅಂದ. "ಯಾವ್ದೋ ಬಾತುಕೋಳಿ ಕೂಗ್ತದೆ ಅಂತ ನಗಾಡ್ಕೊಂಡು ಸೌಂಡ್ ಕಮ್ಮಿ ಮಾಡ್ಕೊಂಡೋ."

ಅದು ಕೆಟ್ಟ ಸೆಟ್ಟಿನ ಸದ್ದಲ್ಲ. ಯಾರೋ ಮಾತಾಡುತ್ತಿದ್ದರು...

ಅವರಿಗೆ ಏನೂ ಹೇಳದೆ ಆ ಸದ್ದನ್ನು ಇಟ್ಟುಕೊಂಡು, ಡಬ್ಬಿಯಲ್ಲಿದ್ದ ಪೀಸುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಒಂದಕ್ಕೂ ಆ ಮಾತು ಬಿಡಿಸಲಾಗಲಿಲ್ಲ. ನನ್ನ ಜಂಬ ಅಲ್ಲಿಗೆ ಇಳಿಯಿತು.

ಆಮೇಲೊಂದು ದಿನ ಮಲ್ಲೇಶನ ಹೆಂಡತಿ ರತ್ನ ಒಬ್ಬಳೇ ಬಂದಳು. ಪ್ಲಾಸ್ಟಿಕ್ ಕವರಿನಿಂದ ಜಜ್ಜಿಹೋದ ವಾಕಿಟಾಕಿ ತೆಗೆದು ಮೇಜಿನ ಮೇಲಿಟ್ಟಳು. ಹೊಲದ ಮಣ್ಣು ಇನ್ನೂ ಮೆತ್ತಿಕೊಂಡಿತ್ತು.

"ಅವತ್ತು ಅವ್ರು ಯಾರ್ನೂ ಕೂಗ್ನೇ ಇಲ್ಲ ಅಂತಾರೆ" ಅಂದಳು. "ಕೂಗ್ದೆ ಸಾಯೋ ಮನ್ಸ ಅಲ್ಲ ಅವ್ರು. ಏನ್ ಕೂಗುದ್ರು, ಯಾರ್ಗೆ ಕೇಳ್ತು, ಅಷ್ಟು ಏಳಿ ಸಾಕು."

ಬಿಚ್ಚಿದೆ. ಒಳಗೊಂದು ಪೀಸು ಜಜ್ಜದೆ ಹಾಗೇ ಇತ್ತು. ಅಂಥದ್ದನ್ನು ನಾನು ಕಂಡಿರಲಿಲ್ಲ. ಮೇಲೆಲ್ಲ ಕರಿ ಅರಗು, ನಂಬರ್ ಕೆರೆದು ತೆಗೆದಿದ್ದರು, ಇರಬೇಕಾದ್ದಕ್ಕಿಂತ ಒಂದು ತಂತಿ ಹೆಚ್ಚು. ಕಾದ ಕಬ್ಬಿಣ ತಾಗಿಸಿ ಅರಗು ಕರಗಿಸಿದಾಗ ಸುಟ್ಟ ಕೂದಲಿನಂಥ ವಾಸನೆ ಎದ್ದಿತು. ಅಡಿಯಲ್ಲಿ ಇನ್ನೊಂದು ಪುಟ್ಟ ಚಿಪ್ ಕೂತಿತ್ತು. ಆಗ ಅರ್ಥವಾಯಿತು, ಇದು ಜೋಡಿ ಪೀಸು. ಎರಡೇ ಮಾಡಿ, ಎರಡಕ್ಕೂ ಒಂದೇ ಬೀಗ ಹಾಕಿರುತ್ತಾರೆ. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ, ಲೋಕದಲ್ಲಿ ಮೂರನೆಯದಕ್ಕೆ ತಿಳಿಯುವುದಿಲ್ಲ. ಸೆಟ್ಟಿನ ಪಕ್ಕದ ಸ್ವಿಚ್ಚು ಗುಟ್ಟಿನ ಕಡೆಗೇ ಇತ್ತು. ಗಾಬರಿಯಲ್ಲಿ ಮಲ್ಲೇಶ ಅದನ್ನು ತಿರುಗಿಸಿಯೇ ಇರಲಿಲ್ಲ.

ಇದರ ಜೊತೆಯದು ಯಾರ ಹತ್ತಿರವಿದೆ ಅಂತ ಕೇಳಿದೆ. ರತ್ನ ತಲೆ ತಗ್ಗಿಸಿ, ಗಂಡನ ಅಣ್ಣ ಬಸಪ್ಪನ ಹತ್ತಿರ ಇತ್ತು ಅಂದಳು. ಅಣ್ಣ ತಮ್ಮ ಸೇರಿಯೇ ಮೈಸೂರಿನ ಗುಜರಿಯಿಂದ ತಂದಿದ್ದರಂತೆ. ಯಾಕೆಂದರೆ, ಆನೆ ತಮ್ಮ ಹೊಲಕ್ಕೆ ಬಂದರೆ ಊರಿಗೆ ಸುಳಿವು ಕೊಡದೆ, ಟಾರ್ಚಿನ ಬೆಳಕು ಬಿಟ್ಟು ಮೆಲ್ಲಗೆ ಪಕ್ಕದವರ ಹೊಲಕ್ಕೆ ತಿರುಗಿಸಬೇಕಲ್ಲ! ತಮ್ಮ ಜೋಳ ಉಳಿಯಬೇಕು, ಪಕ್ಕದವನದು ಹೋದರೂ ಸರಿ. ಮಾಡಿದ್ದುಣ್ಣೋ ಮಹರಾಯ ಅಂತ ನನ್ನ ಬಾಯಿಗೆ ಬಂತು, ಅವಳ ಮುಖ ನೋಡಿ ನುಂಗಿಕೊಂಡೆ.

ಬಸಪ್ಪ ಮಾತ್ರ ಆ ರಾತ್ರಿ ಮಲಗಿಬಿಟ್ಟಿದ್ದೆ, ನನ್ನ ಸೆಟ್ಟು ಆಫ್ ಇತ್ತು ಅನ್ನುತ್ತಿದ್ದನಂತೆ.

ಅವನ ಎದುರಿಗೇ ಕೇಳೋಣ ಅಂತ ಪೀಸನ್ನು ನನ್ನ ಸೆಟ್ಟಿಗೆ ಹಾಕಿಕೊಂಡು ಆ ಸಂಜೆಯೇ ಅವರ ಮನೆಗೆ ಹೋದೆ. ಅಣ್ಣ ತಮ್ಮಂದಿರದು ಒಂದೇ ಮನೆ. ಹೊಗೆಸೊಪ್ಪು ಬೇಯುವ ಕಾಲ. ಮನೆ ಪಕ್ಕದಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ ಗೂಡಿನಿಂದ ಸಿಹಿಯೂ ಕಾರವೂ ಆದ ಘಾಟು ಮೂಗಿಗೆ ಅಡರುತ್ತಿತ್ತು. ಬಸಪ್ಪ ಒಲೆಗೆ ಸೌದೆ ತಳ್ಳುತ್ತ ಕೂತಿದ್ದ. ಆ ವಟವಟ ಕರೆಂಟು ವೈರಿನ ಸದ್ದು, ಸುಮ್ಮನೆ ಬಂದಿರಿ ಅಂತ ನನ್ನನ್ನು ಮಾತಾಡಿಸಿದ. ನಾನು ಸೆಟ್ಟನ್ನು ಜಗಲಿ ಮೇಲಿಟ್ಟೆ. ರತ್ನ ಕಂಬಕ್ಕೊರಗಿ ಕೂತಳು.

ಕಾದೆವು... ನಾಯಿಗಳು ಸುಮ್ಮನಾದವು.

ದೂರದ ಅಟ್ಟಣೆಗಳ ಸೆಟ್ಟುಗಳಲ್ಲಿ ವಟವಟ ಶುರುವಾಯಿತು. ಅದೇ ಗಳಿಗೆಯಲ್ಲಿ ನನ್ನ ಸೆಟ್ಟಿನಿಂದ ಗಂಡಸಿನ ದನಿ ಬಂತು. ಪಿಸುಮಾತು, ಪಕ್ಕದಲ್ಲೇ ಕೂತು ಆಡಿದಂತೆ.

"ಅಣ್ಣ... ಒಂಟಿ ಸಲಗ ಕಣ. ಅಟ್ಟಣೆ ಕೆಳಗೇ ನಿಂತದೆ. ಕೇಳುದ್ರೆ ಒಂದ್ಸಲ ಗುಂಡಿ ಒತ್ತು."

ರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸತ್ತವನ ದನಿ ಅಂತ ಅವಳನ್ನು ನೋಡಿಯೇ ನನಗೆ ತಿಳಿಯಿತು.

ಟಕ್.

ಯಾರೋ ಗುಂಡಿ ಒತ್ತಿದ ಸದ್ದು. ನಾನು ಬಸಪ್ಪನನ್ನು ನೋಡಿದೆ. ಅವನ ಎರಡು ಕೈಯಲ್ಲೂ ಸೌದೆ ಇತ್ತು. ಆ ಟಕ್ ಈಗಿನದಲ್ಲ, ಆ ರಾತ್ರಿಯದು. ಮಲಗಿಬಿಟ್ಟಿದ್ದೆ ಅಂದವನು ಎಚ್ಚರವಿದ್ದ.

"ಸದ್ಯ, ಕೇಳ್ತು" ಅಂತು ದನಿ. "ಎಲ್ಲಾರ್ನೂ ಕರ್ಕೊಂಡ್ ಬಾ. ಉಸ್ರು ಕಟ್ಕೊಂಡ್ ಕುಂತಿವ್ನಿ."

ಆಮೇಲೆ ಸ್ವಲ್ಪ ಹೊತ್ತು ಬರೀ ಜೋಳದ ಗರಿಯ ಸರಸರ, ಆನೆಯ ದೊಡ್ಡ ಉಸಿರು.

"ಅಣ್ಣ, ಎಲ್ಲಿಗಂಟ ಬಂದೆ?"

ಮತ್ತೆ ಬರೀ ಆನೆಯ ಉಸಿರು.

"ಎಲ್ಲಿಗಂಟ ಬಂದೆ ಅಣ್ಣ?"

ಅಣ್ಣ ಬರುತ್ತಿದ್ದಾನೆ ಅನ್ನುವ ನಂಬಿಕೆ ಕೊನೆಯವರೆಗೂ ಆ ದನಿಯಲ್ಲಿ ಹೋಗಲಿಲ್ಲ. ನನಗೆ ಸಹಿಸಲಾಗದ್ದು ಅದೇ. ಆಮೇಲೆ ಅಟ್ಟಣೆಯ ಮರ ಮುರಿದ ಸದ್ದು... ಮುಂದಿನದನ್ನು ನಾನು ಬರೆಯುವುದಿಲ್ಲ.

ರತ್ನ ಅಳಲಿಲ್ಲ. ಎದ್ದು ನನ್ನ ಸೆಟ್ಟನ್ನು ಕೈಗೆತ್ತಿಕೊಂಡು, ಇದು ಇಲ್ಲೇ ಇರಲಿ ಅಂದಳು. ಬಸಪ್ಪನ ಮೇಲೆ ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಇಟ್ಟುಕೊಳ್ಳಮ್ಮ ಅಂತ ಹೇಳಿ ಎದ್ದು ಬಂದೆ.

ಹೊಗೆಸೊಪ್ಪಿನ ಕಾಲ ಮುಗಿಯುವ ಹೊತ್ತಿಗೆ ಬಸಪ್ಪ ನನ್ನ ಅಂಗಡಿಗೆ ಬಂದ. ಕೆನ್ನೆ ಒಳಕ್ಕೆ ಹೋಗಿತ್ತು. ತಮ್ಮನ ಹೆಂಡತಿ ದಿನಾ ರಾತ್ರಿ ಆ ಸೆಟ್ಟನ್ನು ಸೌಂಡು ಪೂರ್ತಿ ಕೊಟ್ಟು ಅವನ ಕೋಣೆ ಬಾಗಿಲಲ್ಲಿ ಇಡುತ್ತಾಳಂತೆ. ನಿಲ್ಲಿಸಿಕೊಡಿ ಅಂತ ಬೇಡಲು ಬಂದ ಅಂದುಕೊಂಡೆ. ಅವನು ಕೇಳಿದ್ದೇ ಬೇರೆ.

"ನಾ ಆ ಸೆಟ್ಟಲ್ಲಿ ಉತ್ರ ಕೊಟ್ರೆ ಅವ್ನಿಗೆ ಕೇಳ್ತದಾ?"

ಅವತ್ತು ಯಾಕೆ ಹೋಗಲಿಲ್ಲ ಅಂತ ನಾನು ಕೇಳಿದೆ.

"ಊರೋರ್ನ ಎಬ್ಬುಸುದ್ರೆ, ನಿಂಗೆಂಗ್ಲಾ ಗೊತ್ತಾಯ್ತು ಅಂತ ಕೇಳೋರು. ಪೀಸಿನ್ ಇಚಾರ ಈಚೆಗ್ ಬರೋದು. ಒಸಿ ಹೊತ್ತು ನೋಡಾಣ, ಆನೆ ತಾನೇ ಓಯ್ತದೆ ಅಂತ ಕುಂತೆ."

ಇಷ್ಟೇ. ಇಷ್ಟಕ್ಕೇ ಒಂದು ಜೀವ! ನಾನು ಮೆತ್ತಗಾಗಲಿಲ್ಲ. ಉತ್ತರ ಕೊಡಬೇಕಾದರೆ ಜೊತೆಯ ಪೀಸು ಬೇಕು, ತಂದಿದ್ದೀಯಾ ಅಂತ ಕೇಳಿದೆ. ಹೆಣ ಸಿಕ್ಕಿದ ಬೆಳಗ್ಗೆಯೇ ಅದನ್ನು ಬ್ಯಾರನ್ ಒಲೆಗೆ ಹಾಕಿದೆ ಅಂದ. ಹಾಗಾದರೆ ನೀನು ಕೇಳಬಹುದು ಅಷ್ಟೇ, ಆಡಲಾಗುವುದಿಲ್ಲ ಅಂದೆ. ಹೇಳುವಾಗ ನನಗೆ ಖುಷಿಯಾಯಿತು. ಆ ಖುಷಿ ನೆನೆದರೆ ಈಗ ಹೆದರಿಕೆಯಾಗುತ್ತದೆ.

ಆ ದನಿ ಎಲ್ಲಿಂದ ಬರುತ್ತದೆ? ಕಳಿಸಬೇಕಾದ ಮಲ್ಲೇಶನ ಸೆಟ್ಟು ಚೂರುಚೂರಾಗಿ ನನ್ನ ಮೇಜಿನ ಮೇಲೇ ಇದೆ. ನನಗೆ ಗೊತ್ತಿಲ್ಲ. ಕತ್ತಲಾದ ಮೇಲೆ ಅಂಗಡಿಯಲ್ಲಿ ಯಾವ ವಾಕಿಟಾಕಿಯನ್ನೂ ಆನ್ ಮಾಡುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ಫೋನ್ ಹಿಡಿದು ಎಲ್ಲಿವರೆಗೆ ಬಂದೆ ಅಂತ ಕೇಳಿದರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡುತ್ತೇನೆ.

ಮೊನ್ನೆ ಸಂತೆಯಲ್ಲಿ ರತ್ನ ಸಿಕ್ಕಿದ್ದಳು. ಬಸಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಇನ್ನು ಸಾಕು ಮಾಡಮ್ಮ, ಅವನು ಬದುಕಿಯೂ ಸತ್ತ ಹಾಗೆ ಅಂದೆ. ಅವಳು ಸೊಪ್ಪಿನ ಕಟ್ಟು ಆರಿಸುತ್ತಲೇ ಇದ್ದಳು. ಎದ್ದು ಹೊರಡುವಾಗ ಒಂದೇ ಮಾತು ಕೇಳಿದಳು.

"ಆ ಸೆಟ್ಟಿನ್ ಬ್ಯಾಟ್ರಿ ಎಷ್ಟ್ ವರ್ಸ ಬತ್ತದಣ್ಣ?"