ಇಬ್ಬರು ಮಾಡಬೇಕಾದ ಲೆಕ್ಕ

ನಮ್ಮ ಮಹಡಿ ರೂಮಿನಲ್ಲಿ ಇಬ್ಬರು ಮಾತಾಡುತ್ತಾರೆ ಅಂತ ಮೊದಲು ಹೇಳಿದ್ದು ನಮ್ಮತ್ತೆ ಪಾರ್ವತಮ್ಮ. ಮಧ್ಯಾಹ್ನದ ಹೊತ್ತು. ನಾನು ಮಗು ಶಿಲ್ಪಿಯನ್ನು ತೊಟ್ಟಿಲಿಗೆ ಹಾಕಿ ಒಲೆ ಕಟ್ಟೆ ಒರೆಸುತ್ತಿದ್ದೆ.

"ಮೇಲ್ಗಡೆ ಯಾರೋ ಬಂದಿದಾರೆ ಕಣಮ್ಮ ಅಕ್ಷತಾ."

"ಯಾರೂ ಬಂದಿಲ್ಲ ಅತ್ತೆ. ಗೇಟು ನಾನೇ ಹಾಕಿದ್ದು."

"ಹಂಗಾದ್ರೆ ಆ ಇನ್ನೊಬ್ಬ ಯಾರು?"

ನಾನು ನಕ್ಕು ಕಟ್ಟೆ ಒರೆಸುವುದನ್ನು ಮುಂದುವರಿಸಿದೆ. ಅದು ತೊಂಬತ್ತೊಂಬತ್ತನೇ ಇಸವಿ. ವಿಜಯನಗರದಲ್ಲಿ ನಮ್ಮ ಮನೆಯ ಸುತ್ತ ಇನ್ನೂ ಖಾಲಿ ಸೈಟುಗಳೇ ಇದ್ದವು. ಯಾರ ಮನೆಯ ಮಾತು ಯಾರ ಮನೆಗೆ ತೇಲಿ ಬರುತ್ತದೋ ಹೇಳುವ ಹಾಗಿರಲಿಲ್ಲ. ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದವರು ಸುಂದರೇಶ. ಟಿ. ನರಸೀಪುರದ ಕಡೆಯವರು, ಮೂವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ಬೆಳಗ್ಗೆ ಒಂದು ಖಾಸಗಿ ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿ, ಹನ್ನೆರಡರ ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಬಂದು, ನಮ್ಮಲ್ಲೇ ಊಟ ಮಾಡಿ, ಪಿಎಚ್‌ಡಿ ಕೆಲಸಕ್ಕೆ ಕೂರುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಚೂರು. ಶರ್ಟು ಒಗೆಯಲು ಹಾಕುವಾಗ ತೆಗೆಯುವುದನ್ನು ಮರೆತು, ಮಹಡಿಯ ತಂತಿಯ ಮೇಲಿನ ಅವರ ಜೇಬುಗಳೆಲ್ಲ ಬಿಳಿಚಿಕೊಂಡಿರುತ್ತಿದ್ದವು.

ಆ ವಾರವೇ ಒಂದು ದಿನ ಮಗುವಿನ ಬಟ್ಟೆ ತೆಗೆಯಲು ಮೇಲೆ ಹೋದೆ. ಅವರ ಕಿಟಕಿ ತೆರೆದಿತ್ತು.

"ಇಲ್ಲಿ ಋಣ ಚಿಹ್ನೆ ಬರಬೇಕಲ್ವಾ?" ಇದು ಸುಂದರೇಶರ ದನಿ, ಮೆತ್ತಗಿನದು.

"ಅಂಗಲ್ಲ ಕಣೋ. ನೀನ್ ಯಾವಾಗ್ಲೂ ಅವಸರ ಬೀಳ್ತೀಯ. ಅದನ್ನ ಆ ಕಡೀಕ್ ಆಕು, ತಾನಾಗೇ ಓಯ್ತದೆ."

ಇದು ಬೇರೆ ದನಿ. ದಪ್ಪ, ಸ್ವಲ್ಪ ನಗು ಬೆರೆತದ್ದು. ಬಟ್ಟೆ ಎದೆಗವಚಿಕೊಂಡು ಕಿಟಕಿಯಲ್ಲಿ ಇಣುಕಿದೆ. ಎದುರುಬದುರು ಎರಡು ಕುರ್ಚಿ. ಸುಂದರೇಶ ಒಂದರಿಂದ ಎದ್ದು, ಮೇಜು ಸುತ್ತಿ ಬಂದು, ಇನ್ನೊಂದರಲ್ಲಿ ಕೂತರು. ಕಾಲು ಅಗಲಿಸಿ, ಭುಜ ಇಳಿಬಿಟ್ಟು, ಯಾರೋ ಕೂರುವ ಹಾಗೆ ಕೂತರು. ಆಮೇಲೆ ಆ ದಪ್ಪ ದನಿಯಲ್ಲಿ ಎದುರಿನ ಖಾಲಿ ಕುರ್ಚಿಗೆ, "ಬರ್ಕೋ, ಏಳ್ತೀನಿ," ಅಂದರು.

ಬಟ್ಟೆಯ ಕ್ಲಿಪ್ಪುಗಳನ್ನು ಅಲ್ಲೇ ಬಿಟ್ಟು ಕೆಳಗೆ ಬಂದುಬಿಟ್ಟೆ.

ಅತ್ತೆ ಮಠದಿಂದ ತಂದ ವಿಭೂತಿಯನ್ನು ಮೆಟ್ಟಿಲಿಗೆಲ್ಲ ಚಿಮುಕಿಸಿದರು. ನನ್ನ ಗಂಡ ಮಹೇಶ್ ಬ್ಯಾಂಕಿನಿಂದ ಬಂದು ಅದರ ಮೇಲೆ ಜಾರಿ, "ದೆವ್ವ ಬೀಳೋ ಮೊದಲು ನಾನೇ ಬಿದ್ದೆ ನೋಡಮ್ಮ," ಅಂದರು. ನಾನು ಎಲ್ಲ ಹೇಳಿದ ಮೇಲೆ, "ಇನ್ನೊಬ್ಬನಿಗೂ ಒಂದು ಲೋಟ ಕಾಫಿ ಕಳಿಸು. ಕುಡಿದ್ರೆ ಗೊತ್ತಾಗುತ್ತೆ," ಅಂತ ನಕ್ಕರು. ನನಗೆ ನಗು ಬರಲಿಲ್ಲ. ಹಾಲು ಕುಡಿಯುವ ಕೂಸಿರುವ ಮನೆ. ಏನೇ ಇದ್ದರೂ ನೇರವಾಗಿ ಕೇಳಿಬಿಡುವುದು ವಾಸಿ ಅನ್ನಿಸಿತು.

ಮಾರನೇ ದಿನ ಶಿಲ್ಪಿಯನ್ನು ಸೊಂಟಕ್ಕೆ ಹಾಕಿಕೊಂಡು ಕಾಫಿ ಹಿಡಿದು ಹೋದೆ. "ಸರ್, ತಪ್ಪು ತಿಳ್ಕೋಬೇಡಿ. ನೀವು ಯಾರ ಹತ್ರ ಮಾತಾಡ್ತೀರ?"

ಅವರ ಮುಖ ಸುಟ್ಟ ಹಾಗಾಯಿತು. "ಕೆಳಗೆ ಕೇಳಿಸುತ್ತಾ?" ಅಂದರು. ಕಾಫಿ ಲೋಟ ಮೇಜಿನ ಮೇಲಿಟ್ಟು, "ಯೋಗೇಂದ್ರ ಅಂತ. ನನ್ನ ಜೊತೆ ಕೆಲಸ ಮಾಡ್ತಿದ್ದ. ಇಲವಾಲದವನು. ಕಾಮಾಲೆ ಆಗಿ ಹೋಗ್ಬಿಟ್ಟ, ಹೋದ ಯುಗಾದಿ ಹೊತ್ತಿಗೆ," ಅಂದರು.

ಇಬ್ಬರೂ ಒಬ್ಬರೇ ಗುರುಗಳ ಕೈಕೆಳಗೆ ಒಂದೇ ಸಮಸ್ಯೆ ಹಿಡಿದಿದ್ದರಂತೆ. ಅವರಲ್ಲೊಂದು ಕ್ರಮ. ಒಂದೇ ಲೆಕ್ಕವನ್ನು ಇಬ್ಬರೂ ಬೇರೆ ಬೇರೆ ಕೂತು, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ, ಮೊದಲಿಂದ ಕೊನೆಯವರೆಗೆ ಮಾಡುವುದು. ಕೊನೆಗೆ ಎರಡನ್ನೂ ಪಕ್ಕಪಕ್ಕ ಇಡುವುದು. ತಾಳೆಯಾದರೆ ಮಾತ್ರ ಮುಂದೆ. ಪ್ರಯೋಗ ಮಾಡುವವರಿಗಾದರೆ ತಪ್ಪನ್ನು ಯಂತ್ರ ತೋರಿಸುತ್ತದೆ. ಬರೀ ಕಾಗದದ ಮೇಲೆ ಮಾಡುವವರಿಗೆ ಇನ್ನೊಬ್ಬ ಮನುಷ್ಯನೇ ಯಂತ್ರ ಅಂದರು. ಕೊನೆಯ ಭಾಗವನ್ನು ಸುಂದರೇಶ ಮುಗಿಸಿದ್ದರು. ಯೋಗೇಂದ್ರ ಮುಗಿಸುವ ಮೊದಲೇ ಆಸ್ಪತ್ರೆ ಸೇರಿದ್ದ.

"ಅವನ ಪಾಲನ್ನ ಅವನ ಹಾಗೇ ಯೋಚನೆ ಮಾಡಿ ಮಾಡೋಣ ಅಂತ ಕೂರ್ತೀನಿ. ಪ್ರತಿ ಸಲ ತಾಳೆ ಆಗುತ್ತೆ. ಆದರೆ ಅದು ಅವನು ಹೂಂ ಅಂದಿದ್ದೋ ನಾನೇ ಅಂದುಕೊಂಡಿದ್ದೋ ಗೊತ್ತಾಗಲ್ಲಮ್ಮ. ಅವನ ತಾಯಿ ಬೋರಮ್ಮನಿಗೆ ಮಾತು ಕೊಟ್ಟಿದೀನಿ, ಅವನು ಕಂಡುಹಿಡಿದದ್ದು ಅವನ ಹೆಸರಲ್ಲೇ ಅಚ್ಚಾಗುತ್ತೆ ಅಂತ. ಗುರುಗಳು ವಿಜ್ಞಾನ ಪತ್ರಿಕೆಗೆ ಕಳಿಸು ಕಳಿಸು ಅಂತಿದಾರೆ. ಕೈ ಬರ್ತಿಲ್ಲ."

ಏನು ಕಂಡುಹಿಡಿದದ್ದು ಅಂತ ಕೇಳಿದೆ. ನಾನು ಇಲ್ಲೇ ಗಂಗೋತ್ರಿ ಯೂನಿವರ್ಸಿಟಿಯಲ್ಲಿ ಗಣಿತದ ಎಂಎಸ್ಸಿ ಮಾಡಿದವಳು. ಮದುವೆ, ಬಸಿರು, ಬಾಣಂತನದಲ್ಲಿ ಅದೆಲ್ಲ ಯಾವುದೋ ಅಟ್ಟ ಸೇರಿತ್ತು. ಅವರು ಶಿಲ್ಪಿಯ ಕೈಯಲ್ಲಿದ್ದ ಚೆಂಡು ತೆಗೆದುಕೊಂಡು ಹೇಳಿದರು:

"ತುಂಬ ತಣ್ಣಗೆ ಮಾಡಿದರೆ ಕೆಲವು ಲೋಹದಲ್ಲಿ ಕರೆಂಟು ತಡೆಯೇ ಇಲ್ಲದೆ ಹರಿಯುತ್ತೆ. ಅತಿವಾಹಕ ಅಂತೀವಿ. ಅಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗೇ ಓಡಾಡೋದು. ಒಂಟಿಯಾಗಿ ಬಂದದ್ದಕ್ಕೆ ಸಾಕಷ್ಟು ಶಕ್ತಿ ಇಲ್ಲದಿದ್ದರೆ ಒಳಗೆ ಬಿಡಲ್ಲ. ಈ ಚೆಂಡು ಗೋಡೆಗೆ ಹೊಡೆದರೆ ವಾಪಸ್ ಚೆಂಡೇ ಬರುತ್ತೆ, ಅಲ್ವಾ? ಅಲ್ಲಿ ಹಾಗಲ್ಲ. ಆ ಒಂಟಿ ಎಲೆಕ್ಟ್ರಾನು ಗಡಿಯಲ್ಲಿ ಇನ್ನೊಂದನ್ನ ಜೊತೆಗೆ ಎಳ್ಕೊಂಡು ಜೋಡಿಯಾಗಿ ಒಳಗೆ ಹೋಗುತ್ತೆ. ಹಾಗೆ ಎಳ್ಕೊಂಡು ಹೋದದ್ದರ ಖಾಲಿ ಜಾಗ ಇರುತ್ತಲ್ಲ, ಅದು ಬಂದ ದಾರಿಯಲ್ಲೇ ವಾಪಸ್ ನಡೆದು ಬರುತ್ತೆ."

"ಖಾಲಿ ಜಾಗ ನಡೆಯುತ್ತಾ?"

"ನಡೆಯುತ್ತೆ. ಲೆಕ್ಕದಲ್ಲಿ ಅದಕ್ಕೂ ತೂಕ ಇದೆ, ವೇಗ ಇದೆ."

ಅವರ ಸಮಸ್ಯೆಯಲ್ಲಿ ಇಂಥ ಗೋಡೆ ಎರಡು, ನಡುವೆ ತೆಳ್ಳನೆಯ ಬೇರೊಂದು ಲೋಹದ ಪದರ. ಆ ಖಾಲಿ ಜಾಗ ಆಚೆ ಗೋಡೆಗೆ ಹೋಗಿ ಎಲೆಕ್ಟ್ರಾನಾಗಿ ಮರಳುತ್ತದೆ, ಈಚೆ ಬಂದು ಮತ್ತೆ ಖಾಲಿಯಾಗುತ್ತದೆ. ಪ್ರತಿ ಓಡಾಟಕ್ಕೂ ನಾವು ಕೊಟ್ಟ ವೋಲ್ಟೇಜು ಅದಕ್ಕೆ ಒಂಚೂರು ಶಕ್ತಿ ಕೂಡಿಸುತ್ತದೆ. ಸಾಕಷ್ಟು ಕೂಡಿದ ದಿನ ಬಿಡುಗಡೆ. ವೋಲ್ಟೇಜು ಒಂದು ಮಟ್ಟಕ್ಕಿಂತ ಇಳಿದರೆ ನಡುವಿನ ಪದರವೇ ಎಲ್ಲ ನುಂಗಿಬಿಡುತ್ತದೆ, ಕರೆಂಟು ಸೊನ್ನೆಗೆ ಬೀಳುತ್ತದೆ ಎನ್ನುವುದೇ ಅವರು ಕಂಡದ್ದು. ಶುರುವಿನ ಲೆಕ್ಕಗಳಲ್ಲೇ ಅದನ್ನು ಮೊದಲು ಗುರುತಿಸಿದವನು ಯೋಗೇಂದ್ರ.

"ಆ ಪಾಲು ನಾನು ಮಾಡ್ಲಾ?" ಅಂದೆ. ಬಾಯಿಂದ ಬಂದುಬಿಟ್ಟಿತು.

ಅವರು ಆ ಇನ್ನೊಂದು ಕುರ್ಚಿ ಎಳೆದರು. ನಾನು ಅದರಲ್ಲಿ ಕೂರಲಿಲ್ಲ. ಹಾಳೆ ಕೊಡಿ, ಕೆಳಗೆ ಮಾಡ್ತೀನಿ, ಅನ್ನಕ್ಕಿಟ್ಟಿದೀನಿ ಅಂದೆ. ಒಂದು ಓಡಾಟದಿಂದ ಮುಂದಿನದಕ್ಕೆ ಹೋಗುವ ಸೂತ್ರವನ್ನಷ್ಟೇ ಬರೆದುಕೊಟ್ಟರು.

"ಎಲ್ಲಿ ನಿಲ್ಲಿಸ್ಬೇಕು ಸರ್?"

"ಅದನ್ನ ಹೇಳಬಾರದಮ್ಮ. ನಾನು ಹೇಳಿದ್ರೆ ನೀವು ಬೇರೆಯವರಾಗಲ್ಲ."

ಮಗು ಮಲಗಿದಾಗೆಲ್ಲ ಊಟದ ಮೇಜಿನ ಮೇಲೆ ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆ. ಕುಕ್ಕರ್ ಕೂಗಿದರೆ ಏಳುವುದು, ಮತ್ತೆ ಕೂರುವುದು. ವೋಲ್ಟೇಜು ದೊಡ್ಡದಿದ್ದಾಗ ನಾಲ್ಕಾರು ಓಡಾಟಕ್ಕೇ ಮುಗಿಯುತ್ತಿತ್ತು. ಕಮ್ಮಿ ಮಾಡುತ್ತ ಹೋದ ಹಾಗೆ ಅದು ಹೊರಗೆ ಹೋಗುವ ಲಕ್ಷಣವೇ ಇಲ್ಲ. ತಳ್ಳುವುದು ಮೆತ್ತಗಾದಷ್ಟೂ ಹೋಗಿ ಬರುವುದು ಜಾಸ್ತಿ. ಈ ಗೋಡೆಗೆ ಒಬ್ಬ, ಆ ಗೋಡೆಯಿಂದ ಅವನ ಖಾಲಿ. ಒಂದೊಂದು ಮಧ್ಯಾಹ್ನ ಹಾಳೆಯಿಂದ ತಲೆ ಎತ್ತಿದರೆ ಅಡುಗೆಮನೆಗೂ ಹಾಲಿಗೂ ನಡುವೆ ಯಾರೋ ಈಗಷ್ಟೇ ದಾಟಿದ ಹಾಗೆ ಪರದೆ ಅಲ್ಲಾಡುತ್ತಿತ್ತು. ಫ್ಯಾನಿನ ಗಾಳಿ ಅಂತ ಗೊತ್ತು. ಆದರೂ ಎದ್ದು ಹೋಗಿ ತೊಟ್ಟಿಲು ನೋಡಿಕೊಂಡು ಬರುತ್ತಿದ್ದೆ. ಸಣ್ಣ ವೋಲ್ಟೇಜಿಗೂ ನಾನು ಬಿಡಲಿಲ್ಲ. ಸಂಖ್ಯೆಗಳು ಚಿಕ್ಕವಾದವು, ಸಾಯಲಿಲ್ಲ. ಕೊನೆಗೊಮ್ಮೆ ಅದು ಗಡಿ ದಾಟಿತು.

ಒಂದು ಭಾನುವಾರ, ಎಷ್ಟು ವೋಲ್ಟೇಜಿಗೆ ಎಷ್ಟು ಕರೆಂಟು ಅಂತ ಗ್ರಾಫ್ ಎಳೆದಿದ್ದ ಹಾಳೆಗಳನ್ನು ಪಕ್ಕಪಕ್ಕ ಇಟ್ಟೆವು. ಅರ್ಧ ದಾರಿಯವರೆಗೆ ಇಬ್ಬರದೂ ಒಂದೇ. ಆಮೇಲೆ ಅವರ ಗೆರೆ ನೆಲಕ್ಕೆ ಬಿತ್ತು. ನನ್ನದು ಬೀಳಲಿಲ್ಲ, ತಗ್ಗಾಗಿ ಮುಂದೆ ಹೋಯಿತು.

"ನೀವು ಎಲ್ಲೋ ತಪ್ಪಿದೀರ," ಅಂದರು.

"ಇರಬಹುದು ಸರ್."

ನನ್ನ ಹಾಳೆ ಒಂದೊಂದಾಗಿ ತಿರುವಿದರು. "ಎಷ್ಟು ಓಡಾಟ ತಗೊಂಡ್ರಿ?"

"ಅದು ಹೊರಗೆ ಬರೋವರೆಗೂ."

ಕುರ್ಚಿಯ ಮೇಲೆ ಕೂತಿದ್ದವರು ನೆಲಕ್ಕೆ ಇಳಿದು ಗೋಡೆಗೆ ಒರಗಿ ಕೂತರು. ಆಮೇಲೆ ಹೇಳಿದರು. ಕೆಲಸ ಶುರುಮಾಡುವ ಮೊದಲು ಕ್ಯಾಂಟೀನಿನಲ್ಲಿ ಇಬ್ಬರೂ ಚಹಾ ಕುಡಿಯುತ್ತ, ಇಷ್ಟು ಓಡಾಟ ಸಾಕು, ವಿಭಾಗದ ಕಂಪ್ಯೂಟರ್ ಇದಕ್ಕಿಂತ ಹೆಚ್ಚು ತಡೆಯಲ್ಲ ಅಂತ ಮಾತಾಡಿಕೊಂಡಿದ್ದರಂತೆ. ಇನ್ನೂ ಹೆಚ್ಚಿಗೆ ತೆಗೆದುಕೊಂಡರೆ ಏನಾಗುತ್ತದೆ ಅಂತ ದೊಡ್ಡ ವೋಲ್ಟೇಜಿನಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರು. ಅಲ್ಲಿ ಏನೂ ವ್ಯತ್ಯಾಸ ಬಂದಿರಲಿಲ್ಲ. ಅಷ್ಟು ಜಾಗ್ರತೆಯಿಂದ ಬೇರೆ ಬೇರೆ ಕೂತವರು, ಕೂರುವ ಮೊದಲೇ ಒಂದು ಮಾತಿಗೆ ಸೇರಿ ತಲೆಯಾಡಿಸಿದ್ದರು. ಪದರ ಏನನ್ನೂ ನುಂಗಿರಲಿಲ್ಲ. ಅವರೇ ಎಣಿಸುವುದನ್ನು ಬಿಟ್ಟಿದ್ದರು.

"ಅವನು ಕಂಡುಹಿಡಿದದ್ದು ಇದೊಂದೇ ಅಮ್ಮ," ಅಂದರು. "ಇದೂ ಇಲ್ಲ ಈಗ."

ವಿಷಯ ತಿಳಿದ ಅತ್ತೆ, "ಹೋದೋನ ತಪ್ಪು ಯಾಕೆ ಕೆದಕ್ತೀರ, ಹಂಗೇ ಅಚ್ಚು ಹಾಕ್ಸಿ. ಯಾರಿಗೆ ಗೊತ್ತಾಗ್ತದೆ?" ಅಂದರು. ಸುಂದರೇಶರಿಗೂ ಅದೇ ಆಸೆ ಇತ್ತು ಅಂತ ಕಾಣುತ್ತದೆ. ಎರಡು ದಿನ ಊಟಕ್ಕೇ ಬರಲಿಲ್ಲ. ಮೂರನೆಯ ದಿನ ಕೆಳಗೆ ಬಂದು, "ಇಲವಾಲಕ್ಕೆ ಹೋಗ್ತಿದೀನಿ. ನೀವೂ ಬನ್ನಿ. ಒಬ್ಬನೇ ಹೋದ್ರೆ ಸುಳ್ಳು ಹೇಳ್ಬಿಡ್ತೀನಿ," ಅಂದರು. ಮಹೇಶ್ ಮಗು ನೋಡಿಕೊಂಡರು.

ಬೋರಮ್ಮ ಹುಣಸೂರು ರಸ್ತೆಯ ಪಕ್ಕದ ಮನೆ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎತ್ತರದ ಹೆಂಗಸು. ಸುಂದರೇಶರನ್ನು ಕಂಡೊಡನೆ, "ಅಚ್ಚಾಯ್ತಾ?" ಅಂದರು.

"ಇಲ್ಲಮ್ಮ. ಆ ಲೆಕ್ಕ ತಪ್ಪಾಗಿದೆ. ಅವನದ್ದು, ನಂದು, ಎರಡೂ."

ಅವರ ಕೈ ನಿಲ್ಲಲಿಲ್ಲ. ಕಾಳು ಮೊರಕ್ಕೆ ಬೀಳುತ್ತಲೇ ಇತ್ತು. "ಇದನ್ನ ಏಳಕ್ಕೆ ಇಲ್ಲೀಗಂಟ ಬಂದ್ಯಾ? ನನ್ ಮಗ ತಪ್ಪು ಅಂತ?"

"ಇಬ್ಬರೂ ತಪ್ಪಿದ್ವಿ."

"ನಿಂಗೇನಪ್ಪಾ. ನೀನು ಇನ್ನೊಂದ್ ಮಾಡ್ಕೋತೀಯ. ಅವ್ನು ಎಲ್ಲಿಂದ ತಂದಾನು ಇನ್ನೊಂದ?"

ಸುಂದರೇಶ ತಲೆ ತಗ್ಗಿಸಿದರು. ನಾನೇ ಏನಾದರೂ ಹೇಳಬೇಕು ಅನ್ನಿಸಿ, "ಅಮ್ಮಾ, ತಪ್ಪು ಸಿಕ್ಕಿದ್ದರಿಂದ..." ಅಂದೆ. ಅವರು ಕೈ ಎತ್ತಿ ತಡೆದರು.

"ನೀನ್ ಸುಮ್ಕಿರು ತಾಯಿ. ನಂಗೆ ಸರಿ ತಪ್ಪು ತಿಳಿಯಾಕಿಲ್ಲ. ಅವ್ನು ಮಾಡಿದ್ ತಪ್ಪನ್ನಾದ್ರೂ ಅವ್ನೆಸ್ರಲ್ಲಿ ಬುಡು ಸುಂದ್ರೇಶ. ಅಳಿಸ್ಬ್ಯಾಡ."

ಬಸ್ಸಿನಲ್ಲಿ ವಾಪಸ್ ಬರುವಾಗ ಇಬ್ಬರಿಗೂ ಅದೇ ಯೋಚನೆ. ತಪ್ಪನ್ನು ಯಾರು ಅಚ್ಚು ಹಾಕುತ್ತಾರೆ? ನನಗೂ ದಾರಿ ತೋಚಲಿಲ್ಲ.

ಪತ್ರಿಕೆಗೆ ಕಳಿಸುವುದನ್ನು ಅವರು ಕೈಬಿಟ್ಟರು. ಎಲ್ಲ ಮೊದಲಿಂದ, ಇಬ್ಬರ ಕ್ರಮದಲ್ಲೇ ಮಾಡಿದೆವು. ಅವರು ಮೇಲೆ, ನಾನು ಕೆಳಗೆ. ಶಿಲ್ಪಿ ನಡೆಯಲು ಕಲಿತು ಹಾಳೆಗಳ ಮೇಲೆಲ್ಲ ಓಡಾಡಿದಳು. ಎರಡು ವರ್ಷ ಹಿಡಿಯಿತು. ಪಿಎಚ್‌ಡಿ ಪ್ರಬಂಧ ಬೈಂಡಾಗಿ ಬಂದಾಗ ನೋಡಿದೆ. ಕರೆಂಟಿನ ಗ್ರಾಫಿನಲ್ಲಿ ಎರಡು ಗೆರೆ ಇದ್ದವು. ಒಂದು ತುಂಬು ಗೆರೆ, ಹೊಸದು. ಇನ್ನೊಂದು ಚುಕ್ಕಿ ಗೆರೆ. ಅದರ ಕೆಳಗೆ, ಓಡಾಟಗಳನ್ನು ಎಣಿಸುವುದನ್ನು ಬೇಗ ನಿಲ್ಲಿಸಿದರೆ ಬರುವ ತಪ್ಪು ಉತ್ತರ, ಯೋಗೇಂದ್ರ ಮತ್ತು ಲೇಖಕ, ಅಂತ ಅಚ್ಚಾಗಿತ್ತು. ಗುರುಗಳು ಅದನ್ನು ತೆಗಿ ಅಂದಿದ್ದರಂತೆ. ಇವರು ತೆಗೆದಿರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಬೋರಮ್ಮ ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದೇ ಪುಟ ತೆಗೆದು, "ತಪ್ಪು ಅಂತ ನಿಮಗೇ ಗೊತ್ತಿದೆ. ಇದು ಯಾಕೆ ಇಲ್ಲಿರಬೇಕು?" ಅಂದರು.

ಸುಂದರೇಶ ಆ ಪುಟದ ಕಡೆ ನೋಡಿದರು. "ನಾವು ಈ ದಾರಿಯಲ್ಲೇ ಬಂದದ್ದು ಸರ್," ಅಂದರು. "ಮುಂದೆ ಬರೋರೂ ಇಲ್ಲೇ ನಿಲ್ಲಬಹುದು. ಇಲ್ಲಿ ಒಬ್ಬ ನಿಂತಿದ್ದ ಅಂತ ಗೊತ್ತಿದ್ರೆ ಒಳ್ಳೇದು."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ, ಮುಂದಿನ ಪ್ರಶ್ನೆಗೆ ಹೋದರು.

ಎಲ್ಲ ಮುಗಿದು ಜನ ಚಹಾಕ್ಕೆ ಎದ್ದ ಮೇಲೆ ಬೋರಮ್ಮ ಪ್ರಬಂಧ ಇಸಿದುಕೊಂಡರು. "ಯಾವುದು ಅವ್ನದು?" ಸುಂದರೇಶ ಅವರ ಬೆರಳು ಹಿಡಿದು ಚುಕ್ಕಿ ಗೆರೆಯ ಮೇಲಿಟ್ಟರು. ಆಯಮ್ಮ ಅದರ ಮೇಲೆ ಬೆರಳು ಎಳೆಯುತ್ತ ಹೋದರು. ಗೆರೆ ಇಳಿದು ನೆಲ ಮುಟ್ಟಿದ ಕಡೆ ಬೆರಳೂ ನಿಂತಿತು. ಪಕ್ಕದ ಗೆರೆ ಹಾಳೆಯ ಅಂಚಿನವರೆಗೂ ಹೋಗಿತ್ತು. ಅದನ್ನು ಅವರು ನೋಡಲೇ ಇಲ್ಲ.

"ಇಲ್ಲಿಗಂಟಾನಾ?"

"ಇಲ್ಲಿಗಂಟ ಅಮ್ಮ."

ಅವರು ಬೆರಳು ತೆಗೆಯಲಿಲ್ಲ. ಸುಂದರೇಶರೂ ಅವರ ಕೈ ಬಿಡಲಿಲ್ಲ. ಚಹಾ ಆರುತ್ತದೆ ಅಂತ ಯಾರೋ ಬಾಗಿಲಿಂದ ಕೂಗಿದರು.