ಸೌದೆಗೆ ಕರೆಯದ ಮದುವೆ

ನುಗ್ಗೇಹಳ್ಳಿ ಕಡೆಯ ನಮ್ಮ ಊರಿನಲ್ಲಿ ಮದುವೆಯ ಕೆಲಸ ಸೌದೆಯಿಂದ ಶುರುವಾಗುತ್ತಿತ್ತು. ಮನೆಗೊಬ್ಬರಂತೆ ಕೊಡಲಿ ಹಿಡಿದು ಬಂದು, ಮದುವೆಯ ಅಡಿಗೆಗೆ ಬೇಕಾದಷ್ಟು ಸೌದೆ ಸೀಳಿಕೊಟ್ಟು, ಮುದ್ದೆ ಉಂಡು ಹೋಗುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮಕ್ಕನ ಮದುವೆ ಗೊತ್ತಾದಾಗ ಅಪ್ಪ ಈ ಪದ್ಧತಿಯನ್ನು ಸುಧಾರಿಸಲು ಹೊರಟರು. ಅಪ್ಪ ಏನನ್ನಾದರೂ ಸುಧಾರಿಸಲು ಹೊರಟರೆ ಅಮ್ಮನಿಗೆ ತಲೆನೋವು ಬರುತ್ತಿತ್ತು.

ಚನ್ನರಾಯಪಟ್ಟಣದಲ್ಲಿದ್ದ ಚಿಕ್ಕಪ್ಪನ ಹತ್ತಿರ ಒಂದು ಹಳೇ ಜೀಪಿತ್ತು. ಹಾಸನದ ಲೇತ್ ಅಂಗಡಿಯಲ್ಲಿ ಅವರು ಕಬ್ಬಿಣದ ದಪ್ಪ ಮೊಳೆಯಂಥದೊಂದನ್ನು ಮಾಡಿಸಿದ್ದರು. ತುದಿ ಚೂಪು, ಬುಡ ಅಗಲ, ಮೈತುಂಬ ಸ್ಕ್ರೂವಿನಂತೆ ಸುರುಳಿ. ಜೀಪಿನ ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಬಿಚ್ಚಿ, ಅಲ್ಲಿಗೆ ಇದನ್ನು ಬೋಲ್ಟ್ ಹಾಕಿ ಬಿಗಿಯುವುದು. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಗೇರಿಗೆ ಹಾಕಿದರೆ ಮೊಳೆ ಗಿರ್ರನೆ ತಿರುಗುತ್ತಿತ್ತು. ದಿಮ್ಮಿಯನ್ನು ಅದರ ತುದಿಗೆ ಒತ್ತಿದರೆ ಸಾಕು, ತಾನೇ ಒಳಗೆ ನುಗ್ಗಿ ಎರಡು ಮಾಡುತ್ತಿತ್ತು. ಅಪ್ಪ ಹೇಳಿಕಳಿಸಿದ್ದೇ ಚಿಕ್ಕಪ್ಪ ಜೀಪು ತಂದು ಮನೆ ಮುಂದೆ ನಿಲ್ಲಿಸಿದರು. ಜಾಲಿ, ಮಾವು, ನೀಲಗಿರಿ ಎಲ್ಲವೂ ಮಧ್ಯಾಹ್ನದೊಳಗೆ ಸೌದೆಯಾಗಿ ಗೋಡೆ ಪಕ್ಕ ಕೂತವು. ಅಪ್ಪ ಮೀಸೆ ತಿರುವಿಕೊಂಡು ಓಡಾಡಿದ್ದೇ ಓಡಾಡಿದ್ದು.

ಮರುದಿನ ಬೀದಿಯವರನ್ನು ಮದುವೆಗೆ ಕರೆಯಲು ಹೋದ ಅಪ್ಪ ಪೆಚ್ಚುಮೋರೆ ಹಾಕಿಕೊಂಡು ಬಂದರು. ಎಲ್ಲ ಮನೆಯಲ್ಲೂ ಕಾಫಿ ಕೊಟ್ಟು "ನೋಡನ" ಎಂದಿದ್ದರಂತೆ. ನಮ್ಮ ಕಡೆ ಹಾಗೆಂದರೆ ಬರುವುದಿಲ್ಲ ಎಂದೇ ಲೆಕ್ಕ. ಎದುರುಮನೆಯ ದೊಡ್ಡಪ್ಪ ಮಾತ್ರ ಬಾಯಿಬಿಟ್ಟು ಹೇಳಿದ್ದರು: "ಸೌದೆಗೆ ಕರೀನಿಲ್ಲ, ಊಟಕ್ ಕರೀತಿಯಾ? ಬರೀ ಉಂಡೋಗಕೆ ನಾವೇನ್ ಬೀಗ್ರೇನ್ಲಾ?"

ಮದುವೆ ನಮ್ಮ ಮನೆ ಮುಂದೆಯೇ ನಡೆಯಬೇಕಿತ್ತು. ನೀರು ಹೊರುವವರು, ಬಡಿಸುವವರು ಎಲ್ಲ ಇದೇ ಬೀದಿಯವರು. ಅರಕಲಗೂಡಿನಿಂದ ಬರುವ ಬೀಗರ ಮುಂದೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡರೆ ಅಕ್ಕ ತಲೆಯೆತ್ತುವುದು ಹೇಗೆ? ಅವಳು ಊಟ ಬಿಟ್ಟಳು, ಮಾತೂ ಬಿಟ್ಟಳು. ನನಗೆ ಅಪ್ಪನ ಮೇಲೆ ರೇಗಿಹೋಗಿತ್ತು.

"ಸೀಳಿದ್ ಸೌದೆನ ಅಂಟ್ಸಕ್ಕಾಯ್ತದಾ?" ಎಂದರು ಅಪ್ಪ.

"ಇತ್ಲಲ್ಲಿ ಉಣ್ಸೆ ಬೊಡ್ಡೆ ಬಿದ್ದದಲ್ಲ, ಅದಕ್ ಕರೀರಿ," ಎಂದಳು ಅಮ್ಮ.

ಅದು ಹಿತ್ತಲಲ್ಲಿ ವರ್ಷಗಳಿಂದ ಯಾರೂ ಮುಟ್ಟದೆ ಬಿದ್ದಿದ್ದ, ಹುಣಸೆ ಮರದ ಗಂಟುಗಂಟಾದ ಬೊಡ್ಡೆ. ಅಪ್ಪ ಮತ್ತೆ ಮನೆಮನೆಗೂ ಹೋಗಿ ಕೈಮುಗಿದರು. ಬೆಳಗ್ಗೆ ಬೀದಿಯವರು ಕೊಡಲಿ ಹೊತ್ತು ಬಂದರು, ಮುಖ ಮಾತ್ರ ಬಿಗಿದೇ ಇತ್ತು. ಸರದಿಯ ಮೇಲೆ ಹೊಡೆದರು. ಕೊಡಲಿ ಎಗರಿ ಬರುತ್ತಿತ್ತೇ ಹೊರತು ಬೊಡ್ಡೆ ಜಗ್ಗಲಿಲ್ಲ. ಬಿಸಿಲೇರಿದ ಮೇಲೆ ದೊಡ್ಡಪ್ಪ ಬೆವರೊರೆಸಿಕೊಂಡು ಚಿಕ್ಕಪ್ಪನ ಕಡೆ ತಿರುಗಿ, "ಲೇ, ಆ ಜೀಪ್ ತತ್ತಾ. ಅದೇನ್ ಕಿಸಿತದೋ ಅದ್ನೂ ಕಾಣನ," ಎಂದರು.

ಜೀಪಿಗೂ ಅದು ಸುಲಭವಾಗಿರಲಿಲ್ಲ. ಬೊಡ್ಡೆ ಮೊಳೆಯ ಜೊತೆ ತಾನೂ ತಿರುಗಲು ನೋಡುತ್ತಿತ್ತು. ಹಾರೆ ಕೊಟ್ಟು ಅದುಮಿ ಹಿಡಿಯಲು ಬೀದಿಯವರೆಲ್ಲ ಬೇಕಾದರು. "ಇಂಗಿಡಿಲಾ", "ಅಂಗಲ್ಲ ಕಣ್ಲಾ, ಬುಡಕ್ ಕೊಡು" ಎಂದು ಒಬ್ಬರನ್ನೊಬ್ಬರು ಬಯ್ಯುತ್ತ, ಬಯ್ಯುತ್ತಲೇ ನಗತೊಡಗಿದರು. ಕೊನೆಗೆ ಬೊಡ್ಡೆ ಲಟಲಟನೆ ಸೀಳಿಹೋದಾಗ ಹಾರೆ ಹಿಡಿದವರಲ್ಲಿ ಅರ್ಧ ಜನ ನೆಲದ ಮೇಲೆ ಕೂತಿದ್ದರು.

ಮುದ್ದೆ, ಹುರುಳಿ ಸಾರು ಉಂಡು ಕೈ ತೊಳೆದ ದೊಡ್ಡಪ್ಪ ಮನೆ ಮುಂದಿನ ಜಾಗವನ್ನು ಒಮ್ಮೆ ಕಣ್ಣಲ್ಲೇ ಅಳೆದರು.

"ಚಪ್ಪರ ಯಾವತ್ಲಾ? ಬಿದಿರು ಕಡುದ್ ಮಡಗ್ಬೇಕು."

ಅಪ್ಪ ಬೆರಳು ಮಡಚಿ ದಿನ ಎಣಿಸತೊಡಗಿದರು. ಬಾಗಿಲ ಹಿಂದೆ ನಿಂತಿದ್ದ ಅಕ್ಕನೇ, "ಗುರುವಾರ, ದೊಡ್ಡಪ್ಪ," ಎಂದಳು.